ಮನೆಯ ಈಜುಕೊಳ, ಸೊಸೈಟಿಯ ಪೂಲ್, ಬಾಡಿಗೆ ಬಂಗಲೆ: ನೀರಿಗಿಳಿಯುವ ಮುನ್ನ ಏನು ನೋಡಬೇಕು, ಏನು ಕೇಳಬೇಕು



ಈ ಸಲದ ವಿಷಯ ಈಜುಕೊಳ. "ನಾವಿರುವುದು ಎರಡು ಬೆಡ್‌ರೂಮಿನ ಫ್ಲ್ಯಾಟು, ನಮಗೆಲ್ಲಿಯ ಈಜುಕೊಳ" ಎಂದು ಮುಂದಿನ ಮೆಸೇಜಿಗೆ ಹೋಗಬೇಡಿ. ಪುಣೆ, ಠಾಣೆ, ಹೈದರಾಬಾದಿನ ಹೊಸ ಸೊಸೈಟಿಗಳಲ್ಲಿ ಲಿಫ್ಟ್ ಇಳಿದರೆ ಎದುರಿಗೇ ಪೂಲ್. ನಾಲ್ಕು ಕುಟುಂಬ ಸೇರಿ ಲೋಣಾವಳ, ಕರ್ಜತ್, ಅಲಿಬಾಗ್ ಕಡೆ ಎರಡು ದಿನಕ್ಕೆ ಬಂಗಲೆ ಹಿಡಿದರೆ ಅಲ್ಲೂ ಪೂಲ್. ಚೆನ್ನೈಯವರಿಗೆ ಇಸಿಆರ್ ರಸ್ತೆ, ಹೈದರಾಬಾದಿನವರಿಗೆ ಮೊಯಿನಾಬಾದ್, ದೆಹಲಿಯವರಿಗೆ ಛತ್ತರ್‌ಪುರದ ಫಾರ್ಮ್‌ಹೌಸ್. ಏಪ್ರಿಲ್ ಬಿಸಿಲಿಗೆ ಬಾಲ್ಕನಿಯಲ್ಲೇ ಗಾಳಿ ತುಂಬುವ ಪ್ಲಾಸ್ಟಿಕ್ ಪೂಲ್. ಮೇ ತಿಂಗಳಲ್ಲಿ ಊರಿಗೆ ಹೋದರೆ ಸಂಪು, ಬಾವಿ, ಕೃಷಿ ಹೊಂಡ. ನೀರು ನಮ್ಮ ಮಕ್ಕಳ ಹತ್ತಿರ ಬಂದುಬಿಟ್ಟಿದೆ, ನಾವು ಮಾತ್ರ ಅದಕ್ಕೆ ತಯಾರಾಗಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಹೆಚ್ಚಿನವರು ನದಿ, ಕೆರೆ, ಬಾವಿಗಳಲ್ಲಿ, ನಿಜ. ಆದರೆ ಐದು ವರ್ಷದೊಳಗಿನ ಮಕ್ಕಳು ಮುಳುಗುವುದು ಸಾಮಾನ್ಯವಾಗಿ ಮನೆಯ ಹತ್ತಿರದ ನೀರಿನಲ್ಲಿ, ದೊಡ್ಡವರು ಪಕ್ಕದಲ್ಲೇ ಇರುವಾಗ.

*ಮುಳುಗುವವರು ಕೂಗುವುದಿಲ್ಲ*

ಸಿನಿಮಾದಲ್ಲಿ ಮುಳುಗುವವನು ಕೈ ಬೀಸಿ "ಕಾಪಾಡಿ, ಕಾಪಾಡಿ" ಎನ್ನುತ್ತಾನೆ. ನಿಜವಾಗಿ ಹಾಗಾಗುವುದು ಅಪರೂಪ. ಕೂಗಲು ಉಸಿರು ಬೇಕು. ಮುಳುಗುತ್ತಿರುವವರ ಬಾಯಿ ನೀರಿನ ಮೇಲೆ ಬಂದು ಮತ್ತೆ ಒಳಗೆ ಹೋಗುವಷ್ಟರಲ್ಲಿ ಉಸಿರು ಎಳೆಯುವುದಕ್ಕೇ ಸಮಯ ಸಾಲುವುದಿಲ್ಲ. ಕೈ ಬೀಸುವುದೂ ಅವರ ಹತೋಟಿಯಲ್ಲಿರುವುದಿಲ್ಲ, ಎರಡೂ ಕೈ ತಾವಾಗಿಯೇ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಅಮೆರಿಕದ ಜೀವರಕ್ಷಕ ಫ್ರಾನ್ಸೆಸ್ಕೋ ಪಿಯಾ ಇಂಥ ದೃಶ್ಯಗಳನ್ನು ಚಿತ್ರೀಕರಿಸಿ ಅಧ್ಯಯನ ಮಾಡಿ ಹೇಳಿದ್ದು ಏನೆಂದರೆ, ಈ ಹೋರಾಟ ನೀರಿನ ಮೇಲೆ ಕಾಣುವುದು 20ರಿಂದ 60 ಸೆಕೆಂಡು ಮಾತ್ರ. ಆಮೇಲೆ ಮಗು ಸದ್ದಿಲ್ಲದೆ ಕೆಳಗೆ.

ಹಾಗಾದರೆ ಗುರುತಿಸುವುದು ಹೇಗೆ? ತಲೆ ಹಿಂದಕ್ಕೆ ವಾಲಿ ಬಾಯಿ ನೀರಿನ ಮಟ್ಟದಲ್ಲಿರುತ್ತದೆ. ಕೂದಲು ಕಣ್ಣ ಮೇಲೆ ಬಿದ್ದಿದ್ದರೂ ಸರಿಸಿಕೊಳ್ಳುವುದಿಲ್ಲ. ದೇಹ ನೆಟ್ಟಗೆ ನಿಂತಂತಿರುತ್ತದೆ, ಕಾಲು ಬಡಿಯುವುದು ಕಾಣುವುದಿಲ್ಲ. ಕಾಣದ ಏಣಿ ಹತ್ತುತ್ತಿರುವಂತೆ ಕೈಯಾಡುತ್ತದೆ. ಮಕ್ಕಳು ನೀರಿನಲ್ಲಿ ಆಡುವಾಗ ಗಲಾಟೆ ಮಾಡುತ್ತಾರೆ. ಗಲಾಟೆ ನಿಂತಿತೆಂದರೆ ತಿರುಗಿ ನೋಡಿ. "ಏನಾಯ್ತು ಪುಟ್ಟಾ?" ಎಂದು ಕೇಳಿ. ಉತ್ತರ ಬರದಿದ್ದರೆ ಎರಡನೇ ಸಲ ಕೇಳುತ್ತಾ ನಿಲ್ಲಬೇಡಿ, ಕೈ ಹಾಕಿ ಎತ್ತಿ.

ಕೈಗೆ ಕಟ್ಟುವ ಗಾಳಿಯ ಪಟ್ಟಿ, ಬಾತುಕೋಳಿ ಟ್ಯೂಬು, ಇವು ಆಟಿಕೆಗಳು. ಗಾಳಿ ಇಳಿಯುತ್ತದೆ, ಜಾರಿಹೋಗುತ್ತದೆ, ಮಗು ಅದರೊಳಗೆ ತಲೆಕೆಳಗಾಗಲೂಬಹುದು. ಅದನ್ನು ಕಟ್ಟಿದ ಕೂಡಲೇ ನಮಗೆ ಬರುವ ನಿಶ್ಚಿಂತೆಯೇ ದೊಡ್ಡ ಅಪಾಯ.

*ಹತ್ತು ಜನ ದೊಡ್ಡವರಿದ್ದರೂ*

ಬಾಡಿಗೆ ಬಂಗಲೆಯ ಪಿಕ್‌ನಿಕ್ ನೆನಪಿಸಿಕೊಳ್ಳಿ. ಗಂಡಸರು ಬಾರ್ಬೆಕ್ಯೂ ಹತ್ತಿರ, ಹೆಂಗಸರು ಅಡುಗೆಮನೆಯಲ್ಲಿ ಚಿತ್ರಾನ್ನ ಕಲಸುತ್ತಾ, ಅಜ್ಜ-ಅಜ್ಜಿ ವರಾಂಡದಲ್ಲಿ, ಮಕ್ಕಳು ಎಲ್ಲೆಲ್ಲೋ. ದೊಡ್ಡವರು ಹತ್ತು ಜನ ಇದ್ದಾರೆ, ಆದರೆ ಕೊಳ ನೋಡುತ್ತಿರುವವರು ಯಾರೂ ಇಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ. ಲೋಣಾವಳದಂಥ ಕಡೆ ಬಾಡಿಗೆ ಬಂಗಲೆಯ ಕೊಳಕ್ಕೆ ಬಿದ್ದ ಪುಟ್ಟ ಮಕ್ಕಳ ಸುದ್ದಿ ಓದಿ ನೋಡಿ. ಮನೆ ತುಂಬ ಜನ ಇದ್ದರು ಎಂಬ ಸಾಲು ಬಹುತೇಕ ಇರುತ್ತದೆ.

ಇದಕ್ಕೆ ಉಪಾಯ ಬಹಳ ಸರಳ. ಸರದಿ ಹಾಕಿ. ಒಬ್ಬರಿಗೆ 15 ನಿಮಿಷ. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಫೋನ್ ಇರಕೂಡದು, ಬಿಯರ್ ಇರಕೂಡದು, ಪಕ್ಕದವರೊಂದಿಗೆ ಹರಟೆಯೂ ಬೇಡ. ಕೊರಳಿಗೆ ಒಂದು ಸೀಟಿಯೋ ಕೈಗೊಂದು ಕೆಂಪು ಕರವಸ್ತ್ರವೋ ಕಟ್ಟಿ, ಸರದಿ ಮುಗಿದಾಗ ಅದನ್ನು ಮುಂದಿನವರಿಗೆ ಬಾಯಿಬಿಟ್ಟು ಹೇಳಿ ಕೊಡಿ: "ಈಗ ನೀವು." ತಮಾಷೆ ಅನ್ನಿಸಬಹುದು, ಆದರೆ ಇದರಿಂದ ಯಾರ ಕಣ್ಣು ಕೊಳದ ಮೇಲಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಐದು ವರ್ಷದೊಳಗಿನ ಮಕ್ಕಳಾದರೆ ದೂರದಿಂದ ನೋಡಿದರೆ ಸಾಲದು, ಕೈ ಚಾಚಿದರೆ ಸಿಗುವಷ್ಟು ಹತ್ತಿರ ದೊಡ್ಡವರೊಬ್ಬರು ನೀರಿನಲ್ಲೇ ಇರಬೇಕು.

ದೊಡ್ಡ ಮಕ್ಕಳಾದರೆ ಭಯವಿಲ್ಲ ಎಂದೂ ತಿಳಿಯಬೇಡಿ. 2024ರ ನವೆಂಬರ್‌ನಲ್ಲಿ ಮಂಗಳೂರು ಹತ್ತಿರ ಉಳ್ಳಾಲ ಭಾಗದ ರೆಸಾರ್ಟ್ ಒಂದಕ್ಕೆ ಬಂದಿದ್ದ ಮೈಸೂರಿನ ಮೂವರು ಕಾಲೇಜು ಹುಡುಗಿಯರು ಅಲ್ಲಿನ ಈಜುಕೊಳದಲ್ಲಿ ತೀರಿಕೊಂಡರು. ಕೊಳದ ಆಳದ ತುದಿ ಸುಮಾರು 6 ಅಡಿ. ಒಬ್ಬಳು ಆಳಕ್ಕೆ ಹೋದಳು, ಅವಳನ್ನು ಹಿಡಿಯಲು ಇನ್ನೊಬ್ಬಳು, ಅವರಿಬ್ಬರಿಗಾಗಿ ಮೂರನೆಯವಳು. ಜೀವರಕ್ಷಕ ಇರಲಿಲ್ಲ. ನಂತರ ರೆಸಾರ್ಟಿನ ಪರವಾನಗಿ ಅಮಾನತಾಯಿತು, ಬೀಗ ಬಿತ್ತು. ಅಂದರೆ ಪರವಾನಗಿ ಎಂಬ ಕಾಗದ ಅಲ್ಲಿ ಮೊದಲೂ ಇತ್ತು. ಅದನ್ನು ಯಾಕೆ ಹೇಳಿದೆ ಎಂದರೆ, ಕಾಗದ ಬೇಕು, ಆದರೆ ನಿಮ್ಮ ಕಣ್ಣು ಅದರ ಆಚೆಗೂ ಹೋಗಬೇಕು.

*ಬೇಲಿ*

ಆಸ್ಟ್ರೇಲಿಯಾದಲ್ಲಿ ಮನೆಮನೆಗೆ ಈಜುಕೊಳ ಇದೆ, ಮಕ್ಕಳು ಮುಳುಗಿದ ಕಹಿ ಅನುಭವವೂ ಇದೆ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ 30 ಸೆಂಟಿಮೀಟರ್‌ಗಿಂತ ಹೆಚ್ಚು ನೀರು ಹಿಡಿಯುವ ಯಾವ ಪೂಲ್ ಆದರೂ, ಗಾಳಿ ತುಂಬುವ ಪ್ಲಾಸ್ಟಿಕ್ ಪೂಲ್ ಕೂಡ, ಬೇಲಿಯೊಳಗೆ ಇರಬೇಕು. ಬೇಲಿಯ ಎತ್ತರ ಕನಿಷ್ಠ 1.2 ಮೀಟರ್, ಸರಳುಗಳ ನಡುವೆ ಮಗು ನುಸುಳದಂತೆ 10 ಸೆಂಟಿಮೀಟರ್‌ಗಿಂತ ಕಡಿಮೆ ಸಂದು, ತಾನೇ ಮುಚ್ಚಿಕೊಂಡು ತಾನೇ ಚಿಲಕ ಬೀಳುವ ಗೇಟು, ಗೇಟು ತೆರೆಯುವುದು ಕೊಳದ ಹೊರದಿಕ್ಕಿಗೆ.

ನಮ್ಮ ದೇಶದಲ್ಲಿ ಖಾಸಗಿ ಮನೆಯ ಕೊಳಕ್ಕೆ ಹೀಗೆ ಬೇಲಿ ಕಡ್ಡಾಯ ಮಾಡುವ ಒಂದೇ ರಾಷ್ಟ್ರೀಯ ಕಾನೂನು ಇಲ್ಲ. ಹಾಗಾಗಿ ಇದು ನಿಮ್ಮ ಮೇಲೇ ಬಿದ್ದಿದೆ. ಕಾಂಪೌಂಡ್ ಗೋಡೆ ಇದೆಯಲ್ಲ ಎನ್ನುತ್ತಾರೆ. ಕಾಂಪೌಂಡ್ ತಡೆಯುವುದು ಬೀದಿಯ ಮಗುವನ್ನು, ಮನೆಯ ಮಗುವನ್ನಲ್ಲ. ಹಾಲ್‌ನ ಗಾಜಿನ ಬಾಗಿಲು ಸರಿಸಿದರೆ ನೇರ ಕೊಳ ಎಂಬ ವಿನ್ಯಾಸ ಫೋಟೋದಲ್ಲಿ ಬಹಳ ಚೆಂದ, ನಡೆಯಲು ಕಲಿತ ಮಗು ಇರುವ ಮನೆಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಬೇಲಿ ಕೊಳದ ನಾಲ್ಕೂ ಕಡೆ ಇರಬೇಕು, ಮನೆಯ ಕಡೆಯೂ. ಮೂರು ಕಡೆಯ ಬೇಲಿಗಿಂತ ನಾಲ್ಕು ಕಡೆಯ ಬೇಲಿ ಮಕ್ಕಳನ್ನು ಹೆಚ್ಚು ಉಳಿಸುತ್ತದೆ ಎಂಬುದು ಅಧ್ಯಯನಗಳಲ್ಲಿ ಸ್ಪಷ್ಟವಾಗಿದೆ. ಬೇಲಿಯ ಪಕ್ಕ ಕುರ್ಚಿ, ಹೂಕುಂಡ ಇಡಬೇಡಿ, ಅದನ್ನೇ ಹತ್ತುತ್ತಾರೆ. ಆಟ ಮುಗಿದ ಮೇಲೆ ಚೆಂಡು, ಟ್ಯೂಬು ನೀರಿನಲ್ಲಿ ಬಿಡಬೇಡಿ. ಎರಡು ವರ್ಷದ ಮಗು ನೀರಿಗಾಗಿ ಹೋಗುವುದಿಲ್ಲ, ಅದರಲ್ಲಿ ತೇಲುವ ಚೆಂಡಿಗಾಗಿ ಹೋಗುತ್ತದೆ.

ಬಂಗಲೆ ಬುಕ್ ಮಾಡುವ ಮುನ್ನ ಫೋನಿನಲ್ಲೇ ಕೇಳಿ: ಪೂಲ್ ಎಷ್ಟು ಆಳ, ಒಂದೇ ಆಳವೋ ಇಳಿಜಾರೋ, ಬೇಲಿ ಇದೆಯೋ, ರಾತ್ರಿ ಬೀಗ ಹಾಕಬಹುದೋ, ಕೇರ್‌ಟೇಕರ್‌ಗೆ ಈಜು ಬರುತ್ತದೋ. ಬೇಲಿ ಇಲ್ಲದ ಕಡೆ ಮೂರು ವರ್ಷದ ಮಗುವನ್ನು ಕರೆದುಕೊಂಡು ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ. ಹೋಗಲೇಬೇಕಾದರೆ, ತಲುಪಿದ ಕೂಡಲೇ ಸಾಮಾನು ಇಳಿಸುವ ಮೊದಲು ಕೊಳದ ಕಡೆಯ ಬಾಗಿಲಿಗೆ ಮೇಲಿನ ಚಿಲಕ ಹಾಕಿ. ಎಲ್ಲರೂ ಬ್ಯಾಗು ಹೊರುತ್ತಿರುವ ಆ ಮೊದಲ ಅರ್ಧ ಗಂಟೆ ಮಗುವಿನ ಕಡೆ ಯಾರ ಗಮನವೂ ಇರುವುದಿಲ್ಲ.

*ಪರವಾನಗಿ: ಯಾರನ್ನು, ಏನು ಕೇಳಬೇಕು*

ಸ್ವಂತ ಬಂಗಲೆ ಅಥವಾ ರೋ ಹೌಸ್‌ನಲ್ಲಿ ಕೊಳ ತೋಡಿಸುವ ಯೋಚನೆ ಇದ್ದರೆ, ಅದು ಗಿಡಕ್ಕೆ ಪಾತಿ ಮಾಡಿದಂತೆ ಅಲ್ಲ. ನೆಲ ಅಗೆದು ಕಟ್ಟುವುದು ಕಟ್ಟಡ ನಿಯಮಗಳಡಿ ಬರುತ್ತದೆ. ಮುಂಬೈಯಲ್ಲಿ ಡಿಸಿಪಿಆರ್ 2034, ಪುಣೆ ಮತ್ತು ಮಹಾರಾಷ್ಟ್ರದ ಬಹುಭಾಗಕ್ಕೆ 2020ರ ಯುಡಿಸಿಪಿಆರ್, ತಮಿಳುನಾಡಿನಲ್ಲಿ 2019ರ ಸಂಯುಕ್ತ ಅಭಿವೃದ್ಧಿ ಮತ್ತು ಕಟ್ಟಡ ನಿಯಮಗಳು, ದೆಹಲಿಯಲ್ಲಿ 2016ರ ಏಕೀಕೃತ ಕಟ್ಟಡ ಉಪವಿಧಿಗಳು. ಕಂಟ್ರಾಕ್ಟರ್ "ಅದಕ್ಕೆಲ್ಲ ಪರ್ಮಿಷನ್ ಯಾಕೆ ಸಾರ್" ಎಂದರೆ ನಂಬಬೇಡಿ. ನೋಂದಾಯಿತ ಆರ್ಕಿಟೆಕ್ಟ್ ಮೂಲಕ ನಕ್ಷೆಯಲ್ಲಿ ಕೊಳವನ್ನು ತೋರಿಸಿ, ಪಾಲಿಕೆಯ ಕಟ್ಟಡ ವಿಭಾಗದಿಂದ ಲಿಖಿತ ಉತ್ತರ ಪಡೆಯಿರಿ. ನೀರು ಎಲ್ಲಿಂದ, ಖಾಲಿ ಮಾಡಿದಾಗ ಎಲ್ಲಿಗೆ ಎಂಬುದನ್ನೂ ಆಗಲೇ ತೀರ್ಮಾನಿಸಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ಬೇಸಿಗೆಯ ಬರ ಯಾವ ಊರಿಗೂ ಬರಬಹುದು.

ಸಾರ್ವಜನಿಕರಿಗೆ ತೆರೆದ ಕೊಳಗಳ ಲೈಸೆನ್ಸ್ ಬೇರೆ ವಿಷಯ. ದೆಹಲಿಯಲ್ಲಿ ಬಹುಕಾಲ ಅದನ್ನು ಪೊಲೀಸರು ಕೊಡುತ್ತಿದ್ದರು. 2025ರ ಜೂನ್‌ನಲ್ಲಿ ಹೋಟೆಲು, ಸಭಾಂಗಣ ಮುಂತಾದವುಗಳ ಜೊತೆ ಈಜುಕೊಳದ ಲೈಸೆನ್ಸನ್ನೂ ಪೊಲೀಸರಿಂದ ತೆಗೆದು ಸ್ಥಳೀಯ ಸಂಸ್ಥೆಗಳಿಗೆ ವಹಿಸಲಾಯಿತು. ಮಗುವನ್ನು ಬೇಸಿಗೆ ಈಜು ಶಿಬಿರಕ್ಕೆ ಸೇರಿಸುವವರು ಲೈಸೆನ್ಸ್ ಪ್ರತಿ ತೋರಿಸಿ ಎಂದು ಕೇಳಲು ಸಂಕೋಚ ಪಡಬೇಡಿ.

ಇನ್ನು ಸೊಸೈಟಿ. ನಮ್ಮಲ್ಲಿ ಅನೇಕರು ಬಾಡಿಗೆಯವರು, ಪರಊರಿನವರು, ಮೀಟಿಂಗಿನಲ್ಲಿ ಮರಾಠಿ, ತಮಿಳು, ತೆಲುಗು ನಡೆಯುವಾಗ ಹಿಂದೆ ಕೂತು ಸುಮ್ಮನೆ ಎದ್ದು ಬರುವವರು. ಈ ಒಂದು ವಿಷಯಕ್ಕೆ ಬಾಯಿ ತೆರೆಯಿರಿ. ಮಾಲೀಕರ ಮೂಲಕವಾದರೂ ಸರಿ, ಇ-ಮೇಲ್‌ನಲ್ಲಿ ಬರೆದು ಕೇಳಿ: ಮಂಜೂರಾದ ನಕ್ಷೆಯಲ್ಲಿ ಕೊಳ ಇದೆಯೇ? ಪೂಲ್ ತೆರೆದಿರುವ ಹೊತ್ತಿನಲ್ಲಿ ತರಬೇತಿ ಪಡೆದ ಜೀವರಕ್ಷಕ ಇರುತ್ತಾನೆಯೇ, ಅಥವಾ ಗೇಟಿನ ಸೆಕ್ಯೂರಿಟಿಯವರನ್ನೇ ಅಲ್ಲಿ ಕೂರಿಸಿದ್ದಾರೆಯೇ? ವಿದ್ಯುತ್ ತಪಾಸಣೆ ಕೊನೆಗೆ ಯಾವಾಗ ಆಯಿತು? ನೀರಿನ ಕ್ಲೋರಿನ್, ಪಿಎಚ್ ಬರೆಯುವ ಪುಸ್ತಕ ಎಲ್ಲಿದೆ? ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ಪಿಎಚ್ ಸುಮಾರು 7.2ರಿಂದ 7.8 ಇದ್ದರೆ ಒಳ್ಳೆಯದು. ಪುಸ್ತಕ ನೋಡುವ ಮೊದಲು ಒಂದು ಸುಲಭ ಪರೀಕ್ಷೆ: ದಡದಲ್ಲಿ ನಿಂತರೆ ಆಳದ ತುದಿಯ ತಳದ ಜಾಲರಿ ಸ್ಪಷ್ಟವಾಗಿ ಕಾಣಬೇಕು. ಕಾಣದಷ್ಟು ನೀರು ಮಬ್ಬಾಗಿದ್ದರೆ ಆ ದಿನ ಇಳಿಯಬೇಡಿ. ತಳಕ್ಕೆ ಹೋದ ಮಗು ಅಂಥ ನೀರಿನಲ್ಲಿ ಯಾರಿಗೂ ಕಾಣುವುದಿಲ್ಲ.

"ನಿಮ್ಮ ಹೊಣೆಯಲ್ಲಿ ಈಜಿರಿ" ಎಂಬ ಫಲಕ ಹಾಕಿದರೆ ಸಮಿತಿಯ ಜವಾಬ್ದಾರಿ ಮುಗಿಯುವುದಿಲ್ಲ. ನಿರ್ಲಕ್ಷ್ಯದಿಂದ ಸಾವಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್‌ನಡಿ ಐದು ವರ್ಷದವರೆಗೆ ಜೈಲು ಇದೆ. ಸಮಿತಿಯಲ್ಲಿರುವ ನಮ್ಮವರೂ ಇದನ್ನು ತಿಳಿದಿರಲಿ.

*ಕಣ್ಣಿಗೆ ಕಾಣದ ಎರಡು: ಕರೆಂಟು ಮತ್ತು ತಳದ ತೂತು*

ಒದ್ದೆ ಮೈಗೆ ಸಣ್ಣ ಸೋರಿಕೆಯ ಕರೆಂಟೂ ಸಾಕು. ಪೂಲಿನ ಪಂಪು, ದೀಪಗಳ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ನೀರೊಳಗಿನ ದೀಪ 12 ವೋಲ್ಟ್‌ನದ್ದಾಗಿರಬೇಕು, 230 ವೋಲ್ಟ್‌ನ ದೀಪ ಅಲ್ಲಿ ಸಲ್ಲದು. ಕೊಳದ ಸುತ್ತ ಹಬ್ಬಕ್ಕೆ ಸೀರಿಯಲ್ ಸೆಟ್ ಎಳೆಯುವುದು, ಪಾರ್ಟಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ತಂದು ಸ್ಪೀಕರ್ ಇಡುವುದು ಬೇಡವೇ ಬೇಡ. ದಡದ ಕಂಬಿ ಮುಟ್ಟಿದಾಗ ಜುಮ್ ಎಂದರೆ ಎಲ್ಲರನ್ನೂ ಹೊರಗೆ ಕರೆದು ಮೈನ್ ಆಫ್ ಮಾಡಿಸಿ.

ತಳದಲ್ಲಿ ನೀರು ಎಳೆಯುವ ತೂತಿನ ಜಾಲರಿ ಮುರಿದಿದ್ದರೆ ಅದರ ಎಳೆತ ಮಗುವನ್ನು ಹಿಡಿದುಬಿಡುತ್ತದೆ. 2002ರಲ್ಲಿ ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ 7 ವರ್ಷದ ಮೊಮ್ಮಗಳು ಹೀಗೇ ಬಿಸಿನೀರ ತೊಟ್ಟಿಯ ತಳಕ್ಕೆ ಸಿಕ್ಕಿಕೊಂಡಳು. ಚೆನ್ನಾಗಿ ಈಜು ಬರುತ್ತಿದ್ದ ಮಗು ಅದು. ಬಿಡಿಸಲು ಇಬ್ಬರು ದೊಡ್ಡವರು ಬೇಕಾದರು, ಅಷ್ಟರಲ್ಲಿ ಜೀವ ಹೋಗಿತ್ತು. 2007ರಲ್ಲಿ ಅವಳ ಹೆಸರಿನಲ್ಲೇ ಅಲ್ಲಿ ಕಾನೂನು ಬಂತು. ಪಂಪಿನ ಸ್ವಿಚ್ ಎಲ್ಲಿದೆ ಎಂದು ನೀರಿಗಿಳಿಯುವ ಮುನ್ನವೇ ನೋಡಿಟ್ಟುಕೊಳ್ಳಿ. ಹುಡುಗಿಯರ ಉದ್ದ ಜಡೆ ಟೋಪಿಯೊಳಗೆ ಇರಲಿ.

*ಬಾಲ್ಕನಿಯ ಪೂಲ್*

ಇದು ಲೆಕ್ಕದ ವಿಷಯ. ಒಂದು ಘನ ಮೀಟರ್ ನೀರು ಅಂದರೆ 1,000 ಕಿಲೋ. ಮನೆಯ ಕೋಣೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕಿಲೋ, ಬಾಲ್ಕನಿಯನ್ನು ಸುಮಾರು 300 ಕಿಲೋ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. 30 ಸೆಂಟಿಮೀಟರ್ ನೀರು ತುಂಬಿದರೇ ಚದರ ಮೀಟರಿಗೆ 300 ಕಿಲೋ ಆಯಿತು, ಇನ್ನೂ ಮಕ್ಕಳು ಇಳಿದಿಲ್ಲ, ಕುಣಿದಿಲ್ಲ. ಮುಂಬೈಯ ಮೂವತ್ತು ನಲವತ್ತು ವರ್ಷದ ಹಳೆ ಕಟ್ಟಡಗಳ ಬಾಲ್ಕನಿ ಸರಳು ತುಕ್ಕು ಹಿಡಿದಿರುವುದು ನಿಮಗೇ ಗೊತ್ತು. ಟೆರೇಸಿನ ಮೇಲೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1.2 ಮೀಟರ್ ಆಳದ ಕೊಳ ಅಂದರೆ ನೀರೇ 7 ಟನ್‌ಗಿಂತ ಹೆಚ್ಚು. ಸ್ಟ್ರಕ್ಚರಲ್ ಎಂಜಿನಿಯರ್ ಬರೆದು ಕೊಡದೆ ಅದಕ್ಕೆ ಕೈ ಹಾಕಬೇಡಿ. ಪುಟ್ಟ ಮಕ್ಕಳಿಗೆ ಬಾತ್‌ರೂಮಿನಲ್ಲಿ ಒಂದು ಗೇಣು ನೀರಿನ ಟಬ್ ಸಾಕು, ಪಕ್ಕದಲ್ಲಿ ನೀವಿದ್ದು, ಮುಗಿದ ಕೂಡಲೇ ಖಾಲಿ ಮಾಡಿ ಬೋರಲು ಹಾಕಿ. ಬಕೆಟ್ಟಿನ ನೀರಿಗೆ ತಲೆಕೆಳಗಾಗಿ ಬಿದ್ದ ಒಂದು ವರ್ಷದ ಮಗುವಿಗೆ ತಾನೇ ಏಳಲು ಆಗುವುದಿಲ್ಲ.

ಊರಿಗೆ ಹೋದಾಗ ಸಂಪಿನ ಮುಚ್ಚಳ ಮೊದಲು ನೋಡಿ. ಕೃಷಿ ಹೊಂಡ ಇನ್ನೂ ಅಪಾಯ. ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ನೀರಲ್ಲಿ ಪಾಚಿಗಟ್ಟಿ ಜಾರುತ್ತದೆ, ಈಜು ಬರುವವರಿಗೂ ದಡ ಹತ್ತಲು ಹಿಡಿತ ಸಿಗುವುದಿಲ್ಲ. ಊರಿನ ಮಕ್ಕಳಿಗೆ ಅದರ ಹತ್ತಿರ ಹೋಗಬಾರದೆಂದು ಹೇಳಿರುತ್ತಾರೆ, ನಗರದಿಂದ ಹೋದ ನಿಮ್ಮ ಮಕ್ಕಳಿಗೆ ಅದು ಸ್ವಿಮ್ಮಿಂಗ್ ಪೂಲ್‌ನಂತೆಯೇ ಕಾಣುತ್ತದೆ. ಹೊಂಡದ ನಾಲ್ಕು ಮೂಲೆಗೆ ಗಂಟು ಹಾಕಿದ ದಪ್ಪ ಹಗ್ಗ ಇಳಿಬಿಡಿಸಿ, ಬೇಲಿ ಕಟ್ಟಿಸಿ. ಅಣ್ಣ-ತಮ್ಮಂದಿರು ನಕ್ಕರೂ ಪರವಾಗಿಲ್ಲ.

*ಯಾರಾದರೂ ಮುಳುಗುತ್ತಿದ್ದರೆ*

ಈಜು ಬರದವರು ಹಾರಬೇಡಿ. ಉಳ್ಳಾಲದಲ್ಲಿ ನಡೆದದ್ದು ಅದೇ. ದಡದಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ಕೋಲು, ದುಪಟ್ಟಾ, ಸೀರೆ ಚಾಚಿ. ಅಥವಾ ತೇಲುವುದನ್ನು ಎಸೆಯಿರಿ. ಮುಚ್ಚಳ ಬಿಗಿಯಾಗಿರುವ 5 ಲೀಟರಿನ ಖಾಲಿ ನೀರಿನ ಕ್ಯಾನಿಗೆ ಉದ್ದ ಹಗ್ಗ ಕಟ್ಟಿ ಕೊಳದ ಪಕ್ಕ ಇಟ್ಟರೆ ದುಡ್ಡಿಲ್ಲದ ಜೀವರಕ್ಷಕ ಸಾಧನ ಅದು.

ಹೊರಗೆ ತೆಗೆದ ಮೇಲೆ ಹೆಸರು ಕೂಗಿ, ಭುಜ ತಟ್ಟಿ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ. ಒಬ್ಬರು 112ಕ್ಕೆ ಫೋನ್ ಮಾಡಲಿ. ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣದಲ್ಲಿ 108 ಆಂಬುಲೆನ್ಸ್ ಕೂಡ ಇದೆ. ಮುಳುಗಿದವರಿಗೆ ಮೊದಲು ಬೇಕಾದ್ದು ಗಾಳಿ. ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು ಎದೆ ಮೇಲೇಳುವಷ್ಟು ಉಸಿರು ಊದಿ, 2ರಿಂದ 5 ಸಲ. ಕೂಸಾದರೆ ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ ಮೆಲ್ಲಗೆ ಊದಿ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ದೊಡ್ಡವರಿಗೆ 5 ಸೆಂಟಿಮೀಟರ್ ಆಳ, ಮಕ್ಕಳಿಗೆ ಎದೆಯ ಮೂರನೇ ಒಂದು ಭಾಗದಷ್ಟು. ಮತ್ತೆ 2 ಉಸಿರು, ಮತ್ತೆ 30. ಆಂಬುಲೆನ್ಸ್ ಬರುವವರೆಗೆ ಅಥವಾ ಉಸಿರು ಬರುವವರೆಗೆ ನಿಲ್ಲಿಸಬೇಡಿ. ವಾಂತಿ ಬಂದರೆ ಪಕ್ಕಕ್ಕೆ ತಿರುಗಿಸಿ ಬಾಯಿ ಒರೆಸಿ ಮುಂದುವರಿಸಿ.

ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ. ಕಾಲು ಹಿಡಿದು ತಲೆಕೆಳಗೆ ಮಾಡುವುದು, ಹೆಗಲ ಮೇಲೆ ಹಾಕಿ ತಿರುಗಿಸುವುದು, ಎಲ್ಲವೂ ಸಮಯ ಹಾಳು. ಮಿದುಳಿಗೆ ಆಮ್ಲಜನಕ ಇಲ್ಲದೆ ನಾಲ್ಕೈದು ನಿಮಿಷ ಕಳೆದರೆ ಹಾನಿ ಶುರು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಮುಳುಗಿ ಸತ್ತವರನ್ನು ಉಪ್ಪಿನಲ್ಲಿ ಹೂತಿಟ್ಟರೆ ನಾಲ್ಕು ಗಂಟೆಯಲ್ಲಿ ಜೀವ ಬರುತ್ತದೆ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಅದನ್ನು ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲೂ, 2023ರ ಕೊನೆಗೆ ಹಾವೇರಿ ಜಿಲ್ಲೆಯಲ್ಲೂ ಹೆತ್ತವರು ಮಕ್ಕಳನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಮಲಗಿಸಿ ಕಾದರು. ಅಂಥ ದುಃಖದಲ್ಲಿದ್ದವರನ್ನು ಬೈಯಲು ಮನಸ್ಸು ಬರುವುದಿಲ್ಲ. ಆ ಮೆಸೇಜ್ ಫಾರ್ವರ್ಡ್ ಮಾಡಿದವರ ಮೇಲೆ ಮಾತ್ರ ಸಿಟ್ಟು ಬರುತ್ತದೆ. ಉಪ್ಪು ಏನನ್ನೂ ಮಾಡುವುದಿಲ್ಲ. ನಿಮ್ಮ ಗುಂಪಿನಲ್ಲಿ ಅದು ಮತ್ತೆ ಕಂಡರೆ ಅಲ್ಲಿಯೇ ತಿದ್ದಿ.

ಮೊದಲೇ ಹೊರಗೆ ತೆಗೆದು ಮಗು ಚೆನ್ನಾಗಿಯೇ ಇದ್ದರೂ, ನೀರು ಕುಡಿದು ಕೆಮ್ಮಿದ್ದರೆ ಎಂಟು ಗಂಟೆ ಗಮನಿಸಿ. ಕೆಮ್ಮು ನಿಲ್ಲದಿದ್ದರೆ, ಉಸಿರು ಜೋರಾದರೆ, ಪಕ್ಕೆ ಒಳಗೆ ಎಳೆದುಕೊಂಡರೆ, ಮತ್ತೆ ಮತ್ತೆ ವಾಂತಿಯಾದರೆ, ಅಕಾಲದಲ್ಲಿ ತೂಕಡಿಸಿದರೆ ತಡಮಾಡದೆ ಆಸ್ಪತ್ರೆಗೆ. ಪ್ರಜ್ಞೆ ತಪ್ಪಿದ್ದ ಅಥವಾ ಉಸಿರು ಕೊಡಬೇಕಾಗಿ ಬಂದ ಮಗುವನ್ನಾದರೆ, ಎದ್ದು ಕೂತು ನಕ್ಕರೂ ಸರಿ, ಆಸ್ಪತ್ರೆಗೆ ಒಯ್ಯಲೇಬೇಕು. ಆಟವಾಡಿ ಮೂರು ನಾಲ್ಕು ದಿನದ ಮೇಲೆ, ನಡುವೆ ಏನೂ ತೊಂದರೆಯಿಲ್ಲದ ಮಗು ಇದ್ದಕ್ಕಿದ್ದಂತೆ ಹಳೆಯ ಕೊಳದ ನೀರಿನಿಂದ ಸಾಯುತ್ತದೆ ಎಂಬ "ಒಣ ಮುಳುಗಡೆ"ಯ ಮೆಸೇಜಿಗೆ ಹೆದರಬೇಕಿಲ್ಲ, ತೊಂದರೆ ಇದ್ದರೆ ಅದು ಅದೇ ದಿನ ಕಾಣಿಸಿಕೊಳ್ಳುತ್ತದೆ.